ಸಾರು ಅಜ್ಜಿಗೆ, ಕಾಳು ಮೊಮ್ಮಕ್ಕಳಿಗೆ

ಬಸ್ಸಾರಿನ ದಿನ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಂದೇ ಪಾತ್ರೆಯಿಂದ ಎರಡು ಪದಾರ್ಥ ಹುಟ್ಟುತ್ತವೆ. ಅಲಸಂದೆಯೋ ಹೆಸರುಕಾಳೋ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಎರಡೂ ಮೆತ್ತಗಾದಾಗ ಬಸಿಯುತ್ತಾರೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಊಟಕ್ಕೆ ಕೂತಾಗ ಹಲ್ಲು ಉದುರಿದ ಅಜ್ಜಿ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುತ್ತಾರೆ. ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿ, ‘ಅಗಿಯಕ್ಕಾಗಲ್ಲ ಕಣಮ್ಮ, ಹುಡುಗರಿಗೆ ಹಾಕು’ ಅಂತಾರೆ. ಸೊಸೆ ಹಾಕುತ್ತಾಳೆ. ಮನೆಯಲ್ಲಿ ಯಾರೂ ಯಾರಿಗೂ ಊಟ ತಪ್ಪಿಸಿಲ್ಲ, ಅಜ್ಜಿಯ ಹೊಟ್ಟೆಯೂ ತುಂಬಿದೆ.

ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆ. ಐದು ಜನರ ಮನೆಗೆ 200 ಗ್ರಾಂ ಕಾಳು ನೆನೆಹಾಕಿದ್ದರೆ ಅದರಲ್ಲಿ 40 ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್ ಇರುತ್ತದೆ. ಬಸಿದ ನೀರಿಗೆ ಇಳಿಯುವುದು ರುಚಿ, ಬಣ್ಣ, ಒಂದಿಷ್ಟು ಲವಣ. ಪ್ರೋಟೀನಿನ ಬಹುಪಾಲು ಕಾಳಿನಲ್ಲೇ, ಅಂದರೆ ಪಲ್ಯದಲ್ಲೇ, ಉಳಿಯುತ್ತದೆ. ಮಾಂಸದ ಅಡುಗೆಯಲ್ಲೂ ಇದೇ ಕಥೆ: ಸಾರು ತಾತನಿಗೆ, ತುಂಡು ಮಕ್ಕಳಿಗೆ. ಅಗಿಯಲಾಗದವರಿಗೆ ನೀರಿನ ಪಾಲು ಹೋಗುತ್ತದೆ, ಗಟ್ಟಿ ಪಾಲು ಉಳಿದವರಿಗೆ. ವರ್ಷಗಟ್ಟಲೆ ಹೀಗೇ ನಡೆದರೆ ಅದು ತೊಡೆ, ಮೀನಖಂಡ, ತೋಳಿನಲ್ಲಿ ಕಾಣುತ್ತದೆ. ಅಜ್ಜಿಯ ಬಳೆ ಮೊಣಕೈ ತನಕ ಜಾರುತ್ತದೆ, ತಾತನ ಉಡಿದಾರಕ್ಕೆ ಮತ್ತೊಂದು ಗಂಟು ಬೀಳುತ್ತದೆ. ‘ವಯಸ್ಸಾಯ್ತಲ್ಲ’ ಎಂದು ಮಾತು ಮುಗಿಸುತ್ತೇವೆ.

ವಯಸ್ಸಿನ ಪಾಲೂ ಇದೆ, ಸುಳ್ಳಲ್ಲ. ಮಾಂಸಖಂಡ ಸವೆದು ಬಲ ಕುಂದುವ ಈ ಸ್ಥಿತಿಗೆ 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಸಾರ್ಕೋಪೀನಿಯಾ ಎಂಬ ಗ್ರೀಕ್ ಮೂಲದ ಹೆಸರು ಕೊಟ್ಟರು. ಮಾಂಸದ ಬಡತನ ಎಂದು ಅದರ ಅರ್ಥ. 2016ರಲ್ಲಿ ಅಮೆರಿಕದ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತವೂ ಸಿಕ್ಕಿತು. ಇದರ ಬೆನ್ನಿಗೇ ಬರುವುದು ಫ್ರೇಲ್ಟಿ, ನಮ್ಮ ಮಾತಿನಲ್ಲಿ ಸೊರಗುವುದು. ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಇದಕ್ಕೆ ಐದು ಗುರುತು ಹೇಳಿದರು: ಬೇಕೆಂದು ಮಾಡದೆ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಇದ್ದರೆ ಸೊರಗಿದ್ದಾರೆ ಎಂದರ್ಥ. ಒಂದೋ ಎರಡೋ ಇದ್ದರೆ ಆ ದಾರಿಯಲ್ಲಿದ್ದಾರೆ, ತಿರುಗಿ ಬರಲು ಇದೇ ಸರಿಯಾದ ಹೊತ್ತು.

ವಯಸ್ಸಾದ ಮಾಂಸಖಂಡಕ್ಕೆ ಒಂದು ಮೊಂಡುತನವಿದೆ. ಯುವಕರ ದೇಹ ಒಂದು ಊಟದ 15–20 ಗ್ರಾಂ ಪ್ರೋಟೀನಿಗೇ ಎಚ್ಚೆತ್ತು ಹೊಸ ಮಾಂಸ ಕಟ್ಟಲು ಶುರುಮಾಡುತ್ತದೆ. ಎಪ್ಪತ್ತರ ದೇಹಕ್ಕೆ ಅಷ್ಟು ಸಾಲದು, ಊಟವೊಂದಕ್ಕೆ 25 ಗ್ರಾಂ ಆಸುಪಾಸು ಬೇಕು. ಅಂದರೆ ಊಟ ಕಡಿಮೆಯಾಗುವ ವಯಸ್ಸಿನಲ್ಲೇ ಪ್ರೋಟೀನ್ ಹೆಚ್ಚು ಬೇಕಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಲ್ಲಿ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂದಿದೆ. ಹಿರಿಯರ ಆರೋಗ್ಯ ನೋಡುವ ಅಂತರರಾಷ್ಟ್ರೀಯ ತಜ್ಞ ಗುಂಪುಗಳು 1ರಿಂದ 1.2 ಗ್ರಾಂ ಬೇಕೆನ್ನುತ್ತವೆ, ಕಾಯಿಲೆಯಿಂದ ಏಳುತ್ತಿರುವವರಿಗೆ 1.5ರ ತನಕವೂ. 50 ಕಿಲೋ ತೂಗುವ ಅಜ್ಜಿಗೆ ದಿನಕ್ಕೆ 50–60 ಗ್ರಾಂ.

ಅವರ ದಿನ ಹೇಗಿರುತ್ತದೆ? ಮೂರು ಲೋಟ ಟೀ, ಎಲ್ಲ ಸೇರಿ 150 ಎಂಎಲ್ ಹಾಲು: 5 ಗ್ರಾಂ. ಎರಡು ಬಿಸ್ಕತ್ತು: 1. ಬೆಳಗ್ಗೆ ಸ್ವಲ್ಪ ಚಿತ್ರಾನ್ನ: 5. ಮಧ್ಯಾಹ್ನ 80 ಗ್ರಾಂ ಹಿಟ್ಟಿನ ಒಂದು ಮುದ್ದೆ: 6. ಸಾರು: ಧಾರಾಳವಾಗಿ ಹಿಡಿದರೂ 3. ರಾತ್ರಿ ಅನ್ನ-ಸಾರು: 7. ಒಂದು ಲೋಟ ಮಜ್ಜಿಗೆ: 2. ಒಟ್ಟು 29 ಗ್ರಾಂ, ಬೇಕಾದ್ದರ ಅರ್ಧ. ಒಂದು ಹೊತ್ತಿನ ಊಟವೂ 25ರ ಹತ್ತಿರ ಸುಳಿಯುವುದಿಲ್ಲ.

ಇಲ್ಲಿ ರಾಗಿಯನ್ನು ದೂರಿ ಪ್ರಯೋಜನವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಹತ್ತಿರಕ್ಕೂ ಬರುವುದಿಲ್ಲ. ಆದರೆ ಪ್ರೋಟೀನ್ 7 ಗ್ರಾಂ ಮಾತ್ರ, ಅದರಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಗಳಲ್ಲಿ ಆ ಲೈಸಿನ್ ಹೇರಳ. ಮುದ್ದೆಗೆ ಕಾಳಿನ ಜೋಡಿ ಕಟ್ಟಿದ ಹಿಂದಿನವರ ಲೆಕ್ಕ ಸರಿಯಾಗಿಯೇ ಇತ್ತು, ಜೋಡಿ ಮುರಿದದ್ದು ಅಗಿಯುವ ಹಲ್ಲು ಹೋದಾಗ. ಮುದ್ದೆ ನುಂಗುವ ಪದಾರ್ಥವಾದ್ದರಿಂದ ಅದು ಉಳಿಯಿತು, ಕಾಳು ಬಿಟ್ಟುಹೋಯಿತು.

ಹಾಗಾಗಿ ಕಾಳನ್ನೂ ನುಂಗುವಂತೆ ಮಾಡಬೇಕು. ಬಸ್ಸಾರಿಗೆ ಖಾರ ರುಬ್ಬುವಾಗ ಒಂದು ಹಿಡಿ ಬೆಂದ ಕಾಳು-ಸೊಪ್ಪು ಸೇರಿಸುವ ರೂಢಿ ಹೇಗೂ ಇದೆ. ಅಜ್ಜಿಯ ಪಾಲಿಗೆ ಅದು ಸಾಲದು. ಬಸಿದ ತಕ್ಷಣ, ಒಗ್ಗರಣೆ ಬೀಳುವ ಮೊದಲೇ, ಬೆಂದ ಕಾಳನ್ನು ಎರಡು ಸೌಟು ಬೇರೆ ಎತ್ತಿಡಿ. ಒಣಕಾಳಿನ ಲೆಕ್ಕದಲ್ಲಿ ಸುಮಾರು 40 ಗ್ರಾಂ, ಪ್ರೋಟೀನ್ 8–9 ಗ್ರಾಂ ಆಗುತ್ತದೆ. ಅದನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಅವರ ಬಟ್ಟಲಿನ ಸಾರಿಗೇ ಬೆರೆಸಿದರೆ ಸಾರು ದಪ್ಪಗಾಗಿ ಮುದ್ದೆಗೆ ಚೆನ್ನಾಗಿ ಹತ್ತುತ್ತದೆ. ಒಗ್ಗರಣೆ ಆದ ಮೇಲೆ ಎತ್ತಿದರೆ ಸಾಸಿವೆ, ಕರಿಬೇವು, ಒಣಮೆಣಸಿನ ಸಿಪ್ಪೆ ಎಲ್ಲ ಸೇರಿ ರುಬ್ಬಿ ರುಚಿ ಕೆಡುತ್ತದೆ, ಎರಡನೇ ದಿನ ಅಜ್ಜಿ ಬೇಡ ಅಂತಾರೆ. ಮೊದಲೇ ಎತ್ತಿಡಲು ಇನ್ನೊಂದು ಕಾರಣವೂ ಇದೆ: ತಟ್ಟೆಗೆ ಬಡಿಸಿದ ಮೇಲೆ ಅದು ಮೊಮ್ಮಗನ ತಟ್ಟೆಗೆ ಹೋಗುವುದನ್ನು ತಡೆಯುವವರು ಯಾರು?

ಮಸ್ಸೊಪ್ಪಿನ ದಿನ ಈ ಕಷ್ಟವಿಲ್ಲ. ಬೇಳೆ, ಸೊಪ್ಪು ಎರಡನ್ನೂ ಮಸೆದೇ ಮಾಡುವ ಸಾರು ಅದು. ತಪ್ಪು ನಡೆಯುವುದು ಅಳತೆಯಲ್ಲಿ. ಬೇಳೆಯ ಬೆಲೆ ಏರಿದಾಗ ಒಂದು ಹಿಡಿ ಕಮ್ಮಿ, ನೆಂಟರು ಬಂದರೆ ಒಂದು ಚೊಂಬು ನೀರು ಜಾಸ್ತಿ. ತಲೆಗೆ 30–40 ಗ್ರಾಂ ಬೇಳೆ ಬೀಳುವಂತೆ ನೋಡಿಕೊಂಡರೆ ಸಾಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯಂತೂ ಹಿರಿಯರಿಗೆಂದೇ ಮಾಡಿದಂತಿರುತ್ತದೆ, ಸಿಪ್ಪೆ ಹೋಗಿ ಬೆಣ್ಣೆಯಂತೆ ಬೇಯುತ್ತದೆ. ಚಳಿಗಾಲದಲ್ಲಿ ಬೇಳೆ ಹಿತುಕುತ್ತಾ ಕೂರುವವರೂ ಹೆಚ್ಚಾಗಿ ಅಜ್ಜಿಯರೇ, ತಿನ್ನುವ ಸರದಿ ಬಂದಾಗ ಕೊನೆಯವರೂ ಅವರೇ.

‘ಕಾಳು ತಿಂದರೆ ವಾಯು’ ಎಂಬ ದೂರು ಸುಳ್ಳಲ್ಲ, ಆದರೆ ದಾರಿ ಇದೆ. ಹುರುಳಿ, ಅಲಸಂದೆಯನ್ನು ಎಂಟು-ಹತ್ತು ಗಂಟೆ ನೆನೆಸಿ ಆ ನೀರು ಚೆಲ್ಲಬೇಕು. ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಕುಕ್ಕರಿನಲ್ಲಿ ಪೂರ್ತಿ ಮೆತ್ತಗಾಗುವ ತನಕ ಬೇಯಿಸಿ, ಇಂಗು, ಶುಂಠಿ, ಬೆಳ್ಳುಳ್ಳಿ ಬೀಳಲಿ. ವರ್ಷಗಟ್ಟಲೆ ಕಾಳು ಬಿಟ್ಟವರಿಗೆ ಒಂದೇ ದಿನ 40 ಗ್ರಾಂ ತಿನ್ನಿಸಿದರೆ ಹೊಟ್ಟೆ ಉಬ್ಬರಿಸುವುದು ಖಂಡಿತ. ಮೊದಲ ವಾರ ಒಂದೆರಡು ಚಮಚ ಹೆಸರುಬೇಳೆಯಿಂದ ಶುರುಮಾಡಿ, ಎರಡು-ಮೂರು ವಾರದಲ್ಲಿ ಏರಿಸಿ.

ಬೆಳಗಿನ ಹೊತ್ತಿಗೆ ಹುರಿಹಿಟ್ಟು ಒಳ್ಳೆಯ ಆಸರೆ. 30 ಗ್ರಾಂ ರಾಗಿ ಹುರಿಹಿಟ್ಟು, 20 ಗ್ರಾಂ ಹುರಿಗಡಲೆ ಪುಡಿ, ಒಂದು ಲೋಟ ಅಂದರೆ 200 ಎಂಎಲ್ ಹಾಲು: ಒಟ್ಟು 12–13 ಗ್ರಾಂ ಪ್ರೋಟೀನ್, ಒಲೆ ಹಚ್ಚುವ ಕೆಲಸವಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬಿಟ್ಟು, ಮಜ್ಜಿಗೆಯಲ್ಲಿ ಕಲಸಿ ಉಪ್ಪು-ಜೀರಿಗೆ ಹಾಕಬಹುದು, ಪ್ರೋಟೀನ್ ಸ್ವಲ್ಪ ಇಳಿಯುತ್ತದೆ. ಒಣಪುಡಿಯನ್ನು ಬಾಯಿಗೆ ಹಾಕಿ ಮೇಲೆ ನೀರು ಕುಡಿಸುವುದು ಮಾತ್ರ ಬೇಡ, ಗಂಟಲಿಗೆ ಹತ್ತಿ ಉಸಿರು ಕಟ್ಟುತ್ತದೆ. ಲಕ್ವ ಹೊಡೆದವರಿಗೆ, ನುಂಗುವಾಗ ಕೆಮ್ಮುವವರಿಗೆ ಮುದ್ದೆಯೇ ಅಪಾಯ. ಅಂಥವರಿಗೆ ಏನನ್ನು ಎಷ್ಟು ಗಟ್ಟಿಯಾಗಿ ಕೊಡಬೇಕೆಂದು ವೈದ್ಯರನ್ನೇ ಕೇಳಬೇಕು. ಪಾವಗಡ, ಶಿರಾ, ಚಿಂತಾಮಣಿ ಕಡೆ ಕಡಲೆಕಾಯಿಗೆ ಬರವಿಲ್ಲ: 30 ಗ್ರಾಂ ಬೀಜ ನುಣ್ಣಗೆ ರುಬ್ಬಿದ ಚಟ್ನಿಯಲ್ಲಿ 7 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಹಲ್ಲಿನ ಹಂಗಿಲ್ಲದೆ ಇಳಿಯುತ್ತದೆ. ಸೋಮವಾರ, ಶನಿವಾರ, ಶ್ರಾವಣ ಅಂತ ಬಿಡುವ ದಿನಗಳಲ್ಲಿ ಅದರ ಜಾಗಕ್ಕೆ ಒಂದು ಲೋಟ ಹಾಲು ಬರಬೇಕು. ಬರೀ ಬಿಟ್ಟು ಸುಮ್ಮನಾದರೆ ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಲೆಕ್ಕ ತಪ್ಪುತ್ತದೆ.

ಹಾಲಿನ ಮಾತು ಬಂದಾಗ ಈ ಜಿಲ್ಲೆಗಳ ಒಂದು ವಿಚಿತ್ರ ಹೇಳಲೇಬೇಕು. ಹಾಲು-ರೇಷ್ಮೆಗೆ ಹೆಸರಾದ ನಾಡು ಇದು. ಬೆಳಗ್ಗೆ, ಸಂಜೆ ಕ್ಯಾನು ಡೇರಿಗೆ ಹೋಗುತ್ತದೆ, ಮನೆಗೆ ಟೀಗಾಗುವಷ್ಟು ಉಳಿಯುತ್ತದೆ. ಬಿಲ್ಲು ಬರುವ ಹಾಲನ್ನು ಕುಡಿಯುವುದು ದುಡ್ಡನ್ನೇ ಕುಡಿದಂತೆ ಅನ್ನಿಸುವುದು ಸಹಜ. ಆದರೂ ಹಾಲು ಕರೆದ ಕೈಗೇ ದಿನಕ್ಕೆ 200 ಎಂಎಲ್ ಎತ್ತಿಡುವುದು, ಬಿದ್ದು ಸೊಂಟ ಮುರಿದ ಮೇಲಿನ ಖರ್ಚಿನ ಮುಂದೆ ಏನೂ ಅಲ್ಲ.

ಕಾಲು ಸೂಪಿನ ಬಗ್ಗೆ ಒಂದು ಮಾತು. ಬಿದ್ದವರಿಗೆ, ಬಾಣಂತಿಗೆ, ಮುದುಕರಿಗೆ ಮೇಕೆ ಕಾಲು ಸೂಪು ಕುಡಿಸಿದರೆ ಬಲ ಬರುತ್ತದೆ ಎಂಬ ನಂಬಿಕೆ ಗಟ್ಟಿ. ಅದರಲ್ಲಿರುವ ಪ್ರೋಟೀನ್ ಬಹುಪಾಲು ಜಿಲೆಟಿನ್. ಮಾಂಸಖಂಡ ಕಟ್ಟಲು ಬೇಕಾದ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಕಡಿಮೆ, ಟ್ರಿಪ್ಟೊಫಾನ್ ಎಂಬ ಇನ್ನೊಂದು ಇಲ್ಲವೇ ಇಲ್ಲ. ರುಚಿಗೆ, ಬೆಚ್ಚಗಿರಲಿಕ್ಕೆ ಕುಡಿಯಲಿ. ಬಲಕ್ಕೆ ಬೇಕಾದ್ದು ಕೈಮಾ. ಸಣ್ಣಗೆ ಕೊಚ್ಚಿಸಿದ ಮಾಂಸ, ಹುರಿಗಡಲೆ ಹಿಟ್ಟು ಸೇರಿಸಿ ಕಟ್ಟಿದ ಕೈಮಾ ಉಂಡೆ ಒಸಡಿನಲ್ಲೇ ಒತ್ತಿ ತಿನ್ನಬಹುದು. ಡಬ್ಬಿ ಪ್ರೋಟೀನ್ ಪುಡಿಗಳನ್ನು ಕೊಳ್ಳುವ ಮೊದಲು ಹಿಂಬದಿಯ ಪಟ್ಟಿ ಓದಿ: ಒಂದು ಸಲದ ಅಳತೆಯಲ್ಲಿ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು. ಆ ಬೆಲೆಗೆ ಬರುವ ಮೊಟ್ಟೆ, ಹಾಲು, ಹುರಿಗಡಲೆ ಎಷ್ಟೋ ಪಾಲು ಹೆಚ್ಚು.

ಪುಡಿಯಾಗಲಿ ಕಾಳಾಗಲಿ, ಬರೀ ತಿಂದರೆ ಬಲ ಬರುವುದಿಲ್ಲ. 1994ರಲ್ಲಿ ಅಮೆರಿಕದ ವೃದ್ಧಾಶ್ರಮವೊಂದರ ನೂರು ಮಂದಿಯ ಮೇಲೆ ನಡೆದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಭಾರದ ವ್ಯಾಯಾಮ ಮಾಡಿದವರ ಕಾಲಿಗೆ ಬಲ ಬಂತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯ ಮಾತ್ರ ಕುಡಿದವರಿಗೆ ಬರಲಿಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು, ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಜನ ಎಂಟು ವಾರ ಭಾರ ಎತ್ತಿದಾಗ ಅವರ ತೊಡೆಯ ಬಲ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿತ್ತು. ‘ಈ ವಯಸ್ಸಲ್ಲಿ ಇನ್ನೇನು’ ಎನ್ನುವವರಿಗೆ ಇದು ಸಾಕಾದ ಉತ್ತರ.

‘ನಮ್ಮಪ್ಪ ಜೀವಮಾನವೆಲ್ಲ ದುಡಿದವರು, ಅವರಿಗೇಕೆ ವ್ಯಾಯಾಮ’ ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಕಾಲುಗಳೂ ಹೊರೆ ಇಳಿಸಿದ ಮೇಲೆ ಸವೆಯುತ್ತವೆ. ಮಾಂಸಖಂಡಕ್ಕೆ ಪಿಂಚಣಿ ಇಲ್ಲ. ಬೆಳಗಿನ ವಾಕಿಂಗ್ ಹೃದಯಕ್ಕೆ, ಸಕ್ಕರೆಗೆ ಒಳ್ಳೆಯದು, ತೊಡೆಗೆ ಅದು ಭಾರವೇ ಅಲ್ಲ.

ಕುರ್ಚಿಯೊಂದಿದ್ದರೆ ಸಾಕು. ಕೈಯಿರುವ, ಅಲುಗಾಡದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೀಳುವುದು ಹೆಚ್ಚಾಗಿ ಅಲ್ಲೇ. ಪಾದ ಭುಜದಷ್ಟು ಅಗಲ, ಹಿಮ್ಮಡಿ ಮೊಣಕಾಲಿಗಿಂತ ಸ್ವಲ್ಪ ಹಿಂದೆ. ಮುಂದಕ್ಕೆ ಬಾಗಿ ಎದ್ದು ನಿಲ್ಲಬೇಕು, ಕೂರುವಾಗ ಧೊಪ್ಪನೆ ಬೀಳದೆ ಒಂದು-ಎರಡು-ಮೂರು ಎಣಿಸುತ್ತಾ ಇಳಿಯಬೇಕು. ಬಲ ಬೆಳೆಯುವುದು ಆ ನಿಧಾನದ ಇಳಿತದಲ್ಲೇ ಹೆಚ್ಚು, ಎಲ್ಲರೂ ತಪ್ಪಿಸುವುದೂ ಅದನ್ನೇ. ಏಳಲು ಆಗದಿದ್ದರೆ ಸೀಟಿನ ಮೇಲೆ ಜಮಖಾನ ಮಡಚಿ ಹಾಕಿ ಎತ್ತರಿಸಿ, ಕೈಯೂರಲು ಬಿಡಿ. ಎಂಟರಿಂದ ಹತ್ತು ಸಲ, ನಡುವೆ ಎರಡು ನಿಮಿಷ ಬಿಡುವು, ಹೀಗೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಸಲೀಸಾದರೆ ಜಮಖಾನ ತೆಗೆಯಿರಿ, ಆಮೇಲೆ ಕೈ ಎದೆಯ ಮೇಲೆ ಕಟ್ಟಿಸಿ, ಆಮೇಲೆ ಒಂದು ಲೀಟರಿನ ತುಂಬಿದ ಬಾಟಲಿ ಹಿಡಿಸಿ. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ, ಜೋರಾಗಿ ಎಣಿಸಿದರೆ ಉಸಿರು ತಾನೇ ಬಿಡುತ್ತದೆ. ಕಿಟಕಿ ಸರಳು ಹಿಡಿದು ತುದಿಗಾಲಲ್ಲಿ ಹತ್ತು ಸಲ ಏಳುವುದನ್ನೂ ಸೇರಿಸಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ. ಫಲ ಕಾಣಲು ಎರಡು-ಮೂರು ತಿಂಗಳು ಬೇಕು.

ಅಳೆಯುವುದಕ್ಕೂ ಅದೇ ಕುರ್ಚಿ. ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಮಾಂಸಖಂಡ ಸೋತಿದೆ ಎಂದು ಏಷ್ಯಾದ ತಜ್ಞರ 2019ರ ಮಾನದಂಡ ಹೇಳುತ್ತದೆ. ಮೀನಖಂಡದ ಸುತ್ತಳತೆ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು. ಟೇಪು ಇಲ್ಲದಿದ್ದರೆ ಅವರದ್ದೇ ಎರಡೂ ಕೈಯ ಹೆಬ್ಬೆರಳು-ತೋರುಬೆರಳು ಸೇರಿಸಿ ಬಳೆಯಂತೆ ಮಾಡಿ ಮೀನಖಂಡದ ದಪ್ಪ ಭಾಗಕ್ಕೆ ತೊಡಿಸಿ ನೋಡಿ, ಬಳೆ ಸಡಿಲಾಗಿ ಓಡಾಡಿದರೆ ಎಚ್ಚರ. ಕಾಲು ಊದಿದ್ದರೆ ಈ ಅಳತೆ ನಂಬಬೇಡಿ. ತೂಕವೂ ಮೋಸ ಮಾಡುತ್ತದೆ: ಪೇಟೆಯ ಮನೆಗಳಲ್ಲಿ ಹೊಟ್ಟೆ ಬೆಳೆದು ತೊಡೆ ಕರಗಿ, ತಕ್ಕಡಿಯ ಮುಳ್ಳು ಮಾತ್ರ ಅಲ್ಲೇ ನಿಂತಿರುತ್ತದೆ. ತೂಕ ತಾನಾಗಿ ಇಳಿಯುತ್ತಿದ್ದರೆ, 50 ಕಿಲೋದವರಿಗೆ ವರ್ಷದಲ್ಲಿ ಎರಡೂವರೆ ಕಿಲೋ ಹೋದರೂ, ಕಾಳು ಹೆಚ್ಚಿಸುವ ಮೊದಲು ಆಸ್ಪತ್ರೆಗೆ ಹೋಗಬೇಕು. ಕ್ಷಯ, ಹತೋಟಿ ತಪ್ಪಿದ ಸಕ್ಕರೆ, ಥೈರಾಯ್ಡ್, ಕ್ಯಾನ್ಸರ್ ಇಲ್ಲವೆಂದು ಖಚಿತವಾಗಲಿ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದರೂ ದೂಳು ಉಸಿರಾಡಿದ ಶ್ವಾಸಕೋಶಗಳು ಇನ್ನೂ ಇವೆ. ಅಂಥವರಿಗೆ ಉಸಿರಾಟವೇ ಕೂಲಿ ಕೆಲಸ, ಊಟ ಮಾಡುವಾಗಲೇ ಸುಸ್ತಾಗುತ್ತದೆ. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಬೇಕು.

ಮೂತ್ರಪಿಂಡದ ಕಾಯಿಲೆ ಮುಂದುವರಿದು, ಡಯಾಲಿಸಿಸ್ ಇನ್ನೂ ಶುರುವಾಗದವರು ಈ ಲೆಕ್ಕವನ್ನು ತಾವಾಗಿ ಅನುಸರಿಸಬಾರದು, ಎಷ್ಟು ಪ್ರೋಟೀನ್ ಎಂದು ವೈದ್ಯರೇ ಹೇಳಬೇಕು. ಸಕ್ಕರೆ, ಬಿಪಿ ಇರುವವರು ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಳಿಂದ ನುಂಗುತ್ತಿರುವ ಸಸ್ಯಾಹಾರಿಗಳಿಗೆ ಪಾದ ಜೋಮು, ನಾಲಿಗೆ ಉರಿ ಇದ್ದರೆ ವಿಟಮಿನ್ ಬಿ12 ಪರೀಕ್ಷೆಯೂ ಆಗಲಿ.

ಹತ್ತು ದಿನ ಜ್ವರದಲ್ಲಿ ಮಲಗಿದರೂ ಮಾಂಸಖಂಡ ಬೇಗ ಸವೆಯುತ್ತದೆ. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದಾಗ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸ ಕರಗಿತ್ತು. ನಮ್ಮಲ್ಲಿ ಚಿಕೂನ್‌ಗುನ್ಯ, ಡೆಂಗಿ ಬಂದಾಗ ಮಲಗಿಸುವುದರ ಜೊತೆಗೆ ಅಕ್ಕಿ ಗಂಜಿಯೊಂದನ್ನೇ ಕೊಡುತ್ತೇವೆ, ನಷ್ಟ ಇಮ್ಮಡಿಯಾಗುತ್ತದೆ. ಗಂಜಿಗೆ ಒಂದು ಹಿಡಿ ಹೆಸರುಬೇಳೆ ಬೀಳಲಿ, ಸಂಜೆ ಹಾಲು ಇರಲಿ. ಜ್ವರ ಇಳಿದ ದಿನದಿಂದಲೇ ಊಟಕ್ಕೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ.

ಫ್ಲೋರೈಡ್ ಇರುವ ಊರುಗಳಲ್ಲಿ ಇನ್ನೊಂದು ತೊಡಕು. ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿಗಳ ನೀರಲ್ಲಿ ಅನೇಕ ಕಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಬೆನ್ನು, ಮಂಡಿ ಬಿಗಿದವರು ಕುರ್ಚಿಯಿಂದ ಏಳಲಾಗದಿದ್ದರೆ ಅದು ಮಾಂಸಖಂಡದ ಸೋಲೇ ಎನ್ನಲಾಗದು. ಅವರಿಗೆ ಮೀಟರನ್ನು ಕೈಯಲ್ಲಿ ಹಿಸುಕಿಸಿ ನೋಡುವ ಕೈಹಿಡಿತದ ಪರೀಕ್ಷೆಯೇ ಸರಿ, ಗಂಡಸರಿಗೆ 28, ಹೆಂಗಸರಿಗೆ 18 ಕಿಲೋಗಿಂತ ಕಡಿಮೆ ಇದ್ದರೆ ಬಲ ಕುಂದಿದೆ. ಇಂಥ ಊರುಗಳಲ್ಲಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು ತರುತ್ತಾರೆ, ಅಡುಗೆಗೆ ಮಾತ್ರ ಬೋರ್‌ವೆಲ್ ನೀರು. ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರು ಕುಡಿಯುವ ಮುದ್ದೆ, ರಾತ್ರಿಯಿಡೀ ನೆನೆಯುವ ಕಾಳು ಆ ಫ್ಲೋರೈಡನ್ನು ತಟ್ಟೆಗೇ ತರುತ್ತವೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ. ಕ್ಯಾನಿನ ನೀರು ಮುದ್ದೆ ಪಾತ್ರೆಗೂ ಬೀಳಬೇಕು.

ಸರ್ಕಾರದ ಪಾಲೂ ಇಲ್ಲಿದೆ. 2013ರಲ್ಲಿ ಅನ್ನಭಾಗ್ಯ ಬಂದಾಗಿನಿಂದ ಪಡಿತರದ ಚರ್ಚೆ ಹೆಚ್ಚಾಗಿ ಎಷ್ಟು ಕಿಲೋ ಅಕ್ಕಿ ಎಂಬುದರ ಸುತ್ತ ನಡೆದಿದೆ. ಶಾಲೆಯ ಮಕ್ಕಳಿಗೆ ಮೊಟ್ಟೆ ಸಿಗುತ್ತದೆ, ಅದು ಸರಿಯಾದದ್ದೇ, ಮನೆಯಲ್ಲಿರುವ ಅಜ್ಜಿಗೆ ಅಂಥದ್ದೊಂದು ಏರ್ಪಾಡಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಯ ₹1,200 ದಿನಕ್ಕೆ ₹40 ಆಗುತ್ತದೆ. ಮೊಟ್ಟೆಗೆ ₹7 ಹಿಡಿದರೆ ದಿನಕ್ಕೊಂದರಂತೆ ತಿಂಗಳಿಗೆ ₹210, ಉಳಿದದ್ದರಲ್ಲಿ ಮಾತ್ರೆ, ಎಲೆ-ಅಡಿಕೆ, ಮೊಮ್ಮಗುವಿಗೊಂದು ಬನ್ನು. ಕೈಗೆಟುಕದ ಮಾತೇನಲ್ಲ, ಆ ದುಡ್ಡು ಅಜ್ಜಿಯ ಕೈಯಲ್ಲೇ ಉಳಿದರೆ.

ಹಲ್ಲಿನ ವಿಷಯದಲ್ಲಿ ದಂತಭಾಗ್ಯ ಯೋಜನೆ ಇದೆ, ಬಿಪಿಎಲ್ ಹಿರಿಯರಿಗೆ ದಂತಪಂಕ್ತಿ ಉಚಿತ. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಪಡಿತರ ಚೀಟಿ ತೋರಿಸಿ ವಿಚಾರಿಸಬಹುದು. ಅಳತೆ ಕೊಡಲು, ಕೂರಿಸಲು ನಾಲ್ಕೈದು ಸಲ ಓಡಾಡಬೇಕಾದೀತು. ಹೊಸ ಸೆಟ್ಟು ಮೊದಲ ವಾರಗಳಲ್ಲಿ ಒಸಡು ಒತ್ತುತ್ತದೆ. ನೋವೆಂದು ತೆಗೆದಿಟ್ಟವರು ಮತ್ತೆ ಹಾಕುವುದಿಲ್ಲ, ಅದು ದೇವರ ಗೂಡಿನ ಪಕ್ಕ ಡಬ್ಬಿಯಲ್ಲಿ ಕೂರುತ್ತದೆ. ಒತ್ತುವ ಜಾಗ ಉಜ್ಜಿಸಲು, ಒಂದೆರಡು ವರ್ಷದ ಮೇಲೆ ಒಸಡು ಸವೆದು ಸೆಟ್ಟು ಸಡಿಲಾದಾಗ ಒಳಪದರ ಹಾಕಿಸಲು ಮತ್ತೆ ಕರೆದೊಯ್ಯಬೇಕು. ಅಲ್ಲಿಯ ತನಕ ಒಗ್ಗರಣೆಗೆ ಮೊದಲೇ ಎರಡು ಸೌಟು ಎತ್ತಿಡುತ್ತಿರಿ.